ಯಜಮಾನನ ಸುಟ್ಟ ಕೈ

ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುವ ಕೋಣೆಯೆದುರು, ನನ್ನ ಪಕ್ಕದಲ್ಲೇ ಯಾರೋ ಅಕ್ಕ, ತಮ್ಮ ಕೂತಿದ್ದರು. ತಮ್ಮನ ಅಂಗೈ ಸುಟ್ಟಿತ್ತು.

“ಐದು ಬೇಕರಿ ಯಜಮಾನ ನೀನು! ಸಹಿ ಹಾಕೋ ಕೈ ಹೇಗೋ ಸುಟ್ಟಿತು?”

“ಬಿಸಿ ಟ್ರೇ ತಗುಲ್ತು ಅಕ್ಕ. ಭಾನುವಾರ ಭಾನುವಾರ ಬೇರೆಯವರ ಬೇಕರೀಲಿ ಹಿಟ್ಟು ನಾದೋಕೆ ಹೋಗ್ತೀನಿ.”

“ಅಯ್ಯೋ ದೇವ್ರೇ! ಕೂಲಿಗಾ? ನಿನ್ನ ಬೇಕರೀಲೇ ನಾದಬಾರ್ದಾ?”

“ಅಲ್ಲಿ ನಾನು ಕಾಲಿಟ್ರೆ ಎಲ್ಲರೂ ಕೈಕಟ್ಟಿ ನಿಲ್ತಾರೆ. ಹಿಟ್ಟು ಮುಟ್ಟೋಕೂ ಬಿಡಲ್ಲ.”

“ತಲೆ ಕೆಟ್ಟಿದೆಯಾ ನಿಂಗೆ? ಯಾರಾದ್ರೂ ನೋಡಿದ್ರೆ ಮಾನ ಮೂರು ಕಾಸಿಗೆ ಹರಾಜು! ಇವತ್ತೇ ಬಿಡು.”

“ನಿನ್ನೇನೇ ಬಿಟ್ಟೆ.”

“ಸದ್ಯ, ಬುದ್ಧಿ ಬಂತಲ್ಲ!”

“ಕೆಲಸ ಮೆಚ್ಚಿ ಅಲ್ಲೂ ಸೂಪರ್‌ವೈಸರ್ ಮಾಡ್ಬಿಟ್ರು.”

ಅಷ್ಟರಲ್ಲಿ ನರ್ಸ್ ಕರೆದಳು.

ಒಳಗೆ ಹೋಗುತ್ತಾ ತಮ್ಮ ಕೇಳಿದ: “ನಿಮ್ಮ ಬೀದಿ ಬೇಕರೀಲಿ ಆಳು ಬೇಕಾ ಅಂತ ವಿಚಾರಿಸ್ತೀಯಾ?”