ರೊಟ್ಟಿ ಬಾರದ ರೊಟ್ಟಿಸೀಮೆಯ ಸೊಸೆ

ಒಂದು ಊರಿನಲ್ಲಿ ಒಬ್ಬರು ಸಾಹುಕಾರರು ಇದ್ದರು. ಸಾಹುಕಾರ ಎಂದ ಕೂಡಲೇ ನೀವು ಜಿಪುಣ ಎಂದುಕೊಂಡಿರಿ, ಅಲ್ಲವೇ? ಸಭೆಯ ಮೂರನೆಯ ಸಾಲಿನವರು ಆಗಲೇ ನಗುತ್ತಿದ್ದೀರಿ. ಇಲ್ಲ ತಾಯಿ, ಇವರು ಧಾರಾಳಿ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದವರೇ ಅಲ್ಲ. ಆದರೆ ಅವರಲ್ಲಿ ಒಂದು ದೋಷ ಇತ್ತು. ಯಾವ ಸೀಮೆಯವರಿಗೆ ಏನು ಬರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಕರಾವಳಿಯವರು ಸಿಕ್ಕರೆ ಹೋಟೆಲು ಹೇಗೆ ನಡೆಯುತ್ತಿದೆ ಎಂದು ವಿಚಾರಿಸುವರು. ಕೊಡಗಿನವರು ಸಿಕ್ಕರೆ ಬೇಟೆಯ ಮಾತು. ಪಾಪ, ಆ ಕೊಡಗಿನವರು ಹಲ್ಲಿನ ಡಾಕ್ಟರು.

ಈ ಸಾಹುಕಾರರದು ರಾಗಿಮುದ್ದೆಯ ಸೀಮೆ. ಹಿರಿಯ ಮಗನಿಗೆ ಬಿಜಾಪುರದ ಕಡೆಯಿಂದ ಹೆಣ್ಣು ನೋಡಿದರು. ಹುಡುಗಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಜೋಳದ ರೊಟ್ಟಿ ಚೆನ್ನಾಗಿ ಬಡಿಯುತ್ತೀಯಲ್ಲ?

ಹುಡುಗಿ ತಲೆ ತಗ್ಗಿಸಿ ಹೇಳಿದಳು: “ಇಲ್ರೀ, ನನಗ ರೊಟ್ಟಿ ಬಡಿಯಾಕ ಬರೂದಿಲ್ರಿ.”

ಸಾಹುಕಾರರಿಗೆ ಆನಂದವೋ ಆನಂದ. ಎಂಥಾ ವಿನಯ ಎಂದರು! ನೋಡಿ, ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರದಲ್ಲಿ ಒಂದು ಪದ್ಧತಿಯಿದೆ. ಹಾಡು ಬರುತ್ತದಾ ಎಂದರೆ ಬರಲ್ಲ ಎನ್ನಬೇಕು. ಅಡುಗೆ ಬರುತ್ತದಾ ಎಂದರೆ ಏನೋ ಅಲ್ಪಸ್ವಲ್ಪ ಎನ್ನಬೇಕು. ಹಾಗೆಂದ ಮೇಲೆ ಎಲ್ಲವೂ ಬರುತ್ತದೆ ಎಂದು ಗಂಡಿನ ಕಡೆಯವರು ಅರ್ಥ ಮಾಡಿಕೊಳ್ಳಬೇಕು. ಆ ಮಗು ನಿಜ ಹೇಳಿತು. ಇವರು ಅದನ್ನು ನಾಚಿಕೆ ಎಂದುಕೊಂಡರು.

ಮದುವೆಯಾಯಿತು. ಸಾಹುಕಾರರು ಇಡೀ ಬೀದಿಗೆ ರೊಟ್ಟಿ ಊಟದ ಕರೆ ಕೊಟ್ಟರು. ಸೊಸೆ ಕೈಮುಗಿದು ಮತ್ತೆ ಬೇಡಿಕೊಂಡಳು, ಬರುವುದಿಲ್ಲ ಎಂದಳು. ಯಾರು ಕೇಳಬೇಕು? ಪಂಕ್ತಿ ಕೂತಿತು. ರೊಟ್ಟಿ ಬಂದವು. ಒಂದಕ್ಕೆ ಮೂರು ಮೂಲೆ, ಒಂದರ ನಡುವೆ ತೂತು, ಇನ್ನೊಂದು ಎಲೆಗೆ ಬೀಳುವ ಮೊದಲೇ ಎರಡು ಹೋಳು. ಕೊನೆಗೆ ಪಕ್ಕದ ಮನೆಯಿಂದ ಮುದ್ದೆ ತರಿಸಿದರು. ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇವಳು ನಿಜವಾಗಿ ಆ ಸೀಮೆಯವಳೇನಾ ಎಂದು ಅತ್ತೆ ಗುಮಾನಿಪಟ್ಟರು. ಸೊಸೆ ಒಳಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು.

ಹಾಗಾದರೆ ಅವಳಿಗೆ ಏನೂ ಬರುತ್ತಿರಲಿಲ್ಲವೇ? ಕೇಳಿ. ತವರಿನಲ್ಲಿ ಅಜ್ಜಿ ರೊಟ್ಟಿ ಬಡಿಯುವಾಗ ಈ ಹುಡುಗಿ ಎದುರಿಗೆ ಕೂತು, ಪರಾತ ಎಂಬ ಅಗಲ ತಟ್ಟೆಯನ್ನು ಬೋರಲು ಹಾಕಿಕೊಂಡು, ಅಜ್ಜಿಯ ಕೈಯ ಜೊತೆಗೇ ಬಾರಿಸುತ್ತಿದ್ದಳು. ನಡುವೆ ತಟ್ಟುವಾಗ ಮೆಲ್ಲಗೆ, ಅಂಚಿಗೆ ಬಂದಾಗ ಚುರುಕು, ರೊಟ್ಟಿ ತಿರುಗಿಸುವಾಗ ಒಂದು ಗಳಿಗೆ ಮೌನ. ಆ ಬಡಿತ ಅವಳ ಕೈಗೆ ಇಳಿದು ಡೋಲಕ್ಕಾಯಿತು. ಒಂದೇ ಅಡುಗೆಮನೆ, ಒಂದೇ ಸದ್ದು. ಅಜ್ಜಿಗೆ ಅದು ರೊಟ್ಟಿ, ಮೊಮ್ಮಗಳಿಗೆ ತಾಳ. ಸೀಮೆ ಅವಳಿಗೆ ಕೊಟ್ಟಿತ್ತು, ಕೊಡದೆ ಇರಲಿಲ್ಲ. ಆದರೆ ಏನು ತೆಗೆದುಕೊಳ್ಳಬೇಕು ಎಂಬುದನ್ನು ಅವಳೇ ಆರಿಸಿಕೊಂಡಿದ್ದಳು. ಡೋಲಕ್ ಮುಟ್ಟಿದರೆ ಅವಳಿಗೆ ಜೀವ ಬರುತ್ತಿತ್ತು. ಈ ಮನೆಯಲ್ಲಿ ಒಮ್ಮೆ ಆಸೆಪಟ್ಟು ಕೇಳಿದ್ದಳು ಕೂಡ. ರೊಟ್ಟಿಯೇ ಬಡಿಯಲಾರದ ಕೈಗೆ ಡೋಲಕ್ ಯಾಕೆ ಎಂದು ಅತ್ತೆ ಬಾಯಿ ಮುಚ್ಚಿಸಿದ್ದರು.

ಶ್ರಾವಣ ಬಂತು. ಸೋಮವಾರ ಸಾಹುಕಾರರ ಮನೆಯಲ್ಲಿ ಭಜನೆ. ಡೋಲಕ್ಕಿನವರು ಮೊಮ್ಮಗುವಿನ ನಾಮಕರಣಕ್ಕೆ ಹೋಗಿಬಿಟ್ಟಿದ್ದರು. ಭಜನೆ ಕುಂಟತೊಡಗಿತು. ಒಬ್ಬರು ಮುಂದೆ ಓಡಿದರೆ ಇನ್ನೊಬ್ಬರು ಹಿಂದೆ ಉಳಿದರು. ಸಾಹುಕಾರರ ಮುಖ ಸಪ್ಪಗಾಯಿತು. ಆಗ ಸೊಸೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇಳಿ ಕೇಳಿ ಸಾಕಾಗಿತ್ತು ಅವಳಿಗೆ. ನೆಟ್ಟಗೆ ಬಂದಳು, ಡೋಲಕ್ ತೊಡೆಯ ಮೇಲೆ ಎಳೆದುಕೊಂಡಳು, ಕಣ್ಣು ಮುಚ್ಚಿ ಬಾರಿಸಿದಳು. ಅಬ್ಬಬ್ಬಾ, ಏನು ಹೇಳಲಿ! ಮಂಡಿನೋವಿನ ಅಜ್ಜಂದಿರು ಎದ್ದು ಕುಣಿದರು. ಅತ್ತೆ ಸೌಟು ಹಿಡಿದೇ ಹೊರಗೆ ಓಡಿಬಂದು, ನಿಂತಲ್ಲೇ ತಾಳ ಹಾಕಿದರು. ಮಂಗಳಾರತಿಯ ನಂತರ ಸೊಸೆಯ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಸೊಸೆಗೆ ಅಂದು ಆ ಮನೆ ತನ್ನ ಮನೆಯಾಯಿತು.

ಕಥೆ ಮುಗಿಯಿತು ಎಂದು ಚಪ್ಪಾಳೆ ತಟ್ಟಬೇಡಿ. ಸಾಹುಕಾರರಿಗೆ ಬುದ್ಧಿ ಬಂತು ಎಂದುಕೊಂಡಿರಾ? ಎಲ್ಲಿಂದ ಬರಬೇಕು? ಮರುದಿನದಿಂದ ಊರೆಲ್ಲ ಹೇಳಿಕೊಂಡು ತಿರುಗಿದರು: ಬಿಜಾಪುರದ ಕಡೆಯ ಹೆಣ್ಣುಮಕ್ಕಳಿಗೆ ಡೋಲಕ್ಕೆಂದರೆ ಹುಟ್ಟುಗುಣ ಕಣ್ರಯ್ಯ! ಕಿರಿಯ ಮಗನಿಗೂ ಅಲ್ಲಿಂದಲೇ ಹೆಣ್ಣು ತಂದರು. ಆ ಹುಡುಗಿ ನನಗೆ ಬಾರಿಸಲು ಬರುವುದಿಲ್ಲ ಎಂದಳು. ಇವರು ಮತ್ತೆ ಅದೇ ರಾಗ, ಎಂಥಾ ವಿನಯ!

ಹೊಸ ಸೊಸೆ ಹೊಸ್ತಿಲು ದಾಟಿದ್ದೇ ತಡ, ನೆಂಟರೆಲ್ಲರ ಎದುರು ಅವಳ ಮುಂದೆ ಡೋಲಕ್ ತಂದಿಟ್ಟರು. ಹಿರಿಸೊಸೆಗೆ ತನ್ನ ರೊಟ್ಟಿಯ ದಿನ ಕಣ್ಣಿಗೆ ಕಟ್ಟಿತು. ಎದ್ದು ಮುಂದೆ ಬಂದಳು. ಡೋಲಕ್ ಎತ್ತಿ ಪಕ್ಕಕ್ಕಿಟ್ಟಳು.

“ಮಾವಾರ, ಬರೂದಿಲ್ಲ ಅಂದ್ರ ಬರೂದಿಲ್ರಿ. ನಾನೂ ಅಂದಿದ್ದೆ, ಈಕಿನೂ ಅಂದಾಳ. ನಿಮಗ ನಮ್ಮೂರ ಹೆಸರು ಕೇಳಿಸ್ತೈತಿ, ನಮ್ಮ ಮಾತು ಕೇಳಿಸೂದಿಲ್ಲ.”

ಸಾಹುಕಾರರು ಸೊಸೆಯನ್ನು ನೋಡಿದರು, ಡೋಲಕ್ ನೋಡಿದರು. ಆಮೇಲೆ ತಮ್ಮ ಹಣೆ ತಾವೇ ಚಚ್ಚಿಕೊಂಡು ಗಹಗಹಿಸಿ ನಕ್ಕರು. ನೆಂಟರೂ ನಕ್ಕರು. ನಗು ನಿಂತ ಮೇಲೆ ಸಾಹುಕಾರರು ಹೊಸ ಸೊಸೆಯ ಎದುರು ಕೂತು, ಜನ್ಮದಲ್ಲಿ ಮೊದಲ ಸಲ ಸರಿಯಾದ ಪ್ರಶ್ನೆ ಕೇಳಿದರು: “ನಿಂಗೇನವ್ವ ಇಷ್ಟ?”

ಹುಡುಗಿ ತಲೆ ಎತ್ತಿ ಹೇಳಿದಳು: “ಇದನ್ನ ನನಗ ಯಾರೂ ಕೇಳಿದ್ದಿಲ್ರಿ. ಸ್ವಲ್ಪ ಯೋಚನಿ ಮಾಡಾಕ ಬಿಡ್ರಿ.”

ಯೋಚಿಸಿ ಏನು ಹೇಳಿದಳು ಎಂದು ನನ್ನನ್ನು ಕೇಳಬೇಡಿ. ಅದು ಅವಳ ವಿಷಯ. ನಿಮ್ಮ ವಿಷಯಕ್ಕೆ ಬರೋಣ. ನೀವು ನಗುತ್ತಿದ್ದೀರಿ, ಸಂತೋಷ. ಆದರೆ ಆ ಸಾಹುಕಾರರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಪಕ್ಕದ ಮನೆಗೆ ಬಾಡಿಗೆಗೆ ಬಂದವರ ಭಾಷೆ ಕೇಳಿದ ಕೂಡಲೇ ಅವರ ಗುಣ ತೀರ್ಮಾನ ಮಾಡಿದವರು ಯಾರು? ಕುಂಬಾರರ ಮನೆಯ ಮಗು ಹಾಡುತ್ತೇನೆ ಎಂದರೆ, ನೀನು ಮಡಕೆಯ ಚಿತ್ರ ಬರಿ ಎಂದ ಟೀಚರು ಇಲ್ಲಿಲ್ಲವೇ? ಹೊಗಳಿದೆವು ಎಂದುಕೊಂಡೇ ಕಟ್ಟಿಹಾಕುತ್ತೀರಿ. ಬೇರು ಇರಲಿ, ಬೇರು ಬೇಕು. ಅದರಿಂದ ಯಾವ ಹೂವು ಬರಬೇಕು ಎಂದು ನೀವು ಹಟ ಹಿಡಿಯಬೇಡಿ.

ಇನ್ನು ಸ್ವಲ್ಪ ಹೊತ್ತಿಗೆ ಪ್ರಸಾದದ ಪಂಕ್ತಿ. ಇವತ್ತು ನಿಮ್ಮವರ ಪಕ್ಕದಲ್ಲಿ ಕೂರಬೇಡಿ, ಗುರುತಿಲ್ಲದವರ ಪಕ್ಕದಲ್ಲಿ ಕೂರಿ. ನಿಮಗೇನು ಇಷ್ಟ ಎಂದು ಕೇಳಿ. ಕೇಳಿ ಸುಮ್ಮನಿರಿ. ಅವರು ಹೇಳಿ ಮುಗಿಸುವ ತನಕ ಅನ್ನಕ್ಕೆ ಕೈ ಹಾಕಬೇಡಿ. ಸಾರು ಆರಿಹೋದರೆ ಬಿಸಿ ಮಾಡಿಸಿ ಬಡಿಸುವುದು ನನ್ನ ಜವಾಬ್ದಾರಿ.