ಆಂಗಾರಾ ಮೀನಿನ ಊಟ

ಕಂಪಾಲಾದ ಟ್ಯಾಕ್ಸಿ ಸಾಲಿನಲ್ಲಿ ಬೆನ್ನ ಹಿಂದೆ ಕೇಳಿದ ದನಿಗಳನ್ನು ನಂಬೂಜೆ ತಕ್ಷಣ ಗುರುತಿಸಿದಳು. ರಾಜಕೀಯ, ದೇವರು, ಪುಸ್ತಕ ಯಾವುದನ್ನೂ ಬಿಡದ ಅವರಿಬ್ಬರ ಪಾಡ್‌ಕಾಸ್ಟನ್ನು ಬೆಳಿಗ್ಗೆಯಷ್ಟೇ ಕೇಳಿದ್ದಳು. ಮಂತ್ರಿಗಳ ಬಗ್ಗೆ ಪುಸ್ತಕ ಬರೆದು ತಲೆಮರೆಸಿಕೊಂಡಿರುವ ಬಗೊಂಜಾ ಇವತ್ತಿನ ಕಂತಿನಲ್ಲಿ ಫೋನ್ ಮೂಲಕ ಮಾತಾಡಿದ್ದ.

"ಎಲ್ಲಿದ್ದೀಯ ಅಂತ ನಾನು ಅವನನ್ನ ಕೇಳಲೇ ಇಲ್ಲ, ಅಟುಹೈರೆ."

"ಏನು ತಿಂದೆ ಅಂತ ಕೇಳಿದೆಯಲ್ಲ, ಕಸೂಲೆ."

"ಶೋಗೆ ಬಂದವರನ್ನೆಲ್ಲ ಮೊದಲು ಅದನ್ನೇ ತಾನೇ ಕೇಳೋದು."

"ಈಗ ತಾನೇ ಬಲೆಯಿಂದ ಬಿಡಿಸಿದ ಆಂಗಾರಾ ಅಂದ. ಅದು ಆಲ್ಬರ್ಟ್ ಸರೋವರದ ಮೀನು ಕಣೋ. ಆ ದಡದ ಹಳ್ಳಿಗೆ ಹೊಸಬ ಬಂದ್ರೆ ಮಕ್ಕಳಿಗೂ ಗೊತ್ತಾಗುತ್ತೆ."

"ಆ ಮಾತು ತೆಗೆದುಹಾಕಿದೆನಲ್ಲ."

"ಹನ್ನೊಂದು ಸಾವಿರ ಜನ ಕೇಳಿದ ಮೇಲೆ."

ಕಸೂಲೆ ಫೋನನ್ನು ಜೇಬಿಗೆ ತುರುಕಿದ.

"ಕಸೂಲೆ, ಅವನಿಗೆ ಫೋನ್ ಮಾಡಿದೆಯಾ?"

"ಮಾಡಿದೆ."

"ಎತ್ತಿದನಾ?"

"ಬೇರೆ ಯಾರೋ ಎತ್ತಿದ್ರು."

"ಏನಂದ್ರು?"

"ತುಂಬಾ ಮರ್ಯಾದೆಯಿಂದ ಮಾತಾಡಿದ್ರು. ಊಟಕ್ಕೆ ಕೂತಿದ್ದಾನೆ, ಮುಗಿಸಲಿ ಅಂತ ಕಾಯ್ತಾ ಇದ್ದೀವಿ ಅಂದ್ರು."

ಟ್ಯಾಕ್ಸಿ ಬಂತು. ಹಿಂದಿದ್ದ ಇಬ್ಬರೂ ಹತ್ತಲಿಲ್ಲ. ಸಾಲು ಬಿಟ್ಟು, ಒಬ್ಬರ ಮುಖ ಒಬ್ಬರು ನೋಡದೆ ನಡೆದುಹೋದರು.