ಮೊದಲ ಪಂಕ್ತಿ

ಈ ಸಮಾರಂಭದ ಅಧ್ಯಕ್ಷರಾದ ಕಮಳಾಬಾಯಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಹಿರಿಯರಾದ ಅಮೋಘಸಿದ್ದಪ್ಪನವರೇ, ನನ್ನನ್ನು ಬಸವಕಲ್ಯಾಣದಿಂದ ಹುಮನಾಬಾದಿಗೆ ಎಳೆದು ತಂದ ಕಾರ್ಯದರ್ಶಿ, ನನ್ನ ಹಳೆಯ ವಿದ್ಯಾರ್ಥಿನಿ ಸ್ನೇಹಲ ಅವರೇ, ಈ ಮಹಿಳಾ ರೊಟ್ಟಿ ಕೇಂದ್ರದ ಅಕ್ಕತಂಗಿಯರೇ, ಅವರನ್ನು ಘಾಟಬೋರಾಳದಿಂದ, ಮುಡಬಿಯಿಂದ ಮೋಟಾರ್ ಸೈಕಲ್ ಮೇಲೆ ಕರೆತಂದು ಈಗ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಅಣ್ಣತಮ್ಮಂದಿರೇ, ಸಭಿಕರೇ, ಎಲ್ಲರಿಗೂ ನನ್ನ ಸಲಾಂ.

ನನ್ನ ಹಿಂದಿರುವ ಬ್ಯಾನರಿನಲ್ಲಿ 'ದಿನನಿತ್ಯದ ಆಹಾರ: ಆಯ್ಕೆ ಮತ್ತು ತಯಾರಿಕೆ' ಎಂದು ಬರೆದಿದೆ. ಅದರ ಕೆಳಗೆ 'ಉಪನ್ಯಾಸ: ಶ್ರೀ ಯುನೂಸ್, ನಿವೃತ್ತ ವಿಜ್ಞಾನ ಶಿಕ್ಷಕರು' ಎಂದಿದೆ. ವರ್ಷವಿಡೀ ರೊಟ್ಟಿ ಬಡಿದು ಊರೂರಿಗೆ ಕಳಿಸುವ ನಿಮ್ಮ ಮುಂದೆ ನಿಂತು ನಾನು ಅಡುಗೆಯ ಉಪನ್ಯಾಸ ಮಾಡುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಇದನ್ನೇ ಸ್ನೇಹಲಗೆ ಫೋನಿನಲ್ಲಿ ಹೇಳಿದೆ. ಅವಳು ಬಿಡಬೇಕಲ್ಲ? "ಸರ್, ಈಗ ಮನ್ಯಾಗ ನೀವೇ ಅಡಿಗಿ ಮಾಡಾಕತ್ತೀರಂತ ಕೇಳೀನಿ. ಗಂಡಸರು ಅಡಿಗಿ ಮಾಡಿದ್ದು ನಮ್ಮ ಹೆಣ್ಮಕ್ಕಳಿಗಿ ಕೇಳಬೇಕಾಗೇದ, ಬರ್ರಿ" ಎಂದಳು. ಬಂದಿದ್ದೇನೆ.

ಅಧ್ಯಕ್ಷರಲ್ಲಿ ಮೊದಲೇ ಒಂದು ಅರಿಕೆ. ನಾನು ಊಟದ ಹೊತ್ತಿಗೆ ಮನೆಯಲ್ಲಿರಬೇಕು. ಮನೆಯಲ್ಲಿ ನನ್ನ ಹೆಂಡತಿ ಅಕ್ಬರಿ ಮಲಗಿದ್ದಾಳೆ. ಅವಳು ಇವತ್ತು ಉಣ್ಣುತ್ತಾಳೋ ಇಲ್ಲವೋ ಎಂಬುದು ನಾನು ಹೋಗುವುದರ ಮೇಲೆ ನಿಂತಿದೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ಬ್ಯಾನರಿನ ಕೆಲಸ ಮುಗಿಸುತ್ತೇನೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಇದೆ. ಶಾಲೆಯಲ್ಲಿ ನಾನೂ ಅದನ್ನು ಕಪ್ಪು ಹಲಗೆಯ ಮೇಲೆ ಬರೆಸಿದ್ದೇನೆ. ಆದರೆ ಊಟ ಬಲ್ಲವನು ಎಂದರೆ ಯಾರು? ಉಣ್ಣಲು ಬಲ್ಲವನೇ? ಮಾಡಲು ಬಲ್ಲವನೇ? ಅಥವಾ ಪಕ್ಕದಲ್ಲಿ ಕೂತವರು ಉಂಡರೋ ಇಲ್ಲವೋ ಎಂದು ನೋಡಲು ಬಲ್ಲವನೇ? ಪಾಠ ಮಾಡುವಾಗ ನನಗೆ ಈ ಪ್ರಶ್ನೆ ಬಂದಿರಲಿಲ್ಲ.

ಬೆಳಗಿನ ನಾಶ್ಟಾದಿಂದ ಶುರು ಮಾಡೋಣ. ನಮ್ಮ ಎರಡೂ ಊರುಗಳಲ್ಲಿ ಈಗ ಬೆಳಿಗ್ಗೆ ಮಕ್ಕಳ ಕೈಗೆ ಚಹಾ ಮತ್ತು ಬಿಸ್ಕೀಟು ಕೊಡುವುದು ರೂಢಿಯಾಗಿದೆ. ಅದು ಮೈದಾ ಮತ್ತು ಸಕ್ಕರೆ, ಹೊಟ್ಟೆಗೆ ಹಿಡಿಯುವುದಿಲ್ಲ. ನಿನ್ನೆಯ ರೊಟ್ಟಿಯನ್ನು ಮುರಿದು ಮೊಸರಿನಲ್ಲಿ ನೆನೆಸಿ, ಮೇಲೆ ಒಂದು ಚಮಚ ಶೇಂಗಾ ಚಟ್ನಿಪುಡಿ, ಅಂದರೆ ನಮ್ಮ ಹಿಂಡಿ, ಹಾಕಿ ಕೊಡಿ. ಹಿಂಡಿಯಲ್ಲಿ ಖಾರ ಕಡಿಮೆ ಮಾಡಿ, ಶೇಂಗಾ ಹೆಚ್ಚು ಮಾಡಿ. ನೀವು ಊರಿಗೆಲ್ಲ ರೊಟ್ಟಿ ಮಾರಿ ನಿಮ್ಮ ಮಕ್ಕಳಿಗೆ ಬಿಸ್ಕೀಟು ಕೊಳ್ಳುತ್ತೀರಿ ಎಂದು ಸ್ನೇಹಲ ನನ್ನ ಕಿವಿಯಲ್ಲಿ ಹೇಳಿದ್ದಾಳೆ. ಅವಳ ಮೇಲೆ ಸಿಟ್ಟಾಗಬೇಡಿ.

ಎರಡನೆಯದು ಪುಂಡಿಪಲ್ಲೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಪುಂಡಿಗೂ ಅದೇ ಗತಿ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ಅದರ ಸತ್ವವೆಲ್ಲ ನೀರಿನ ಜೊತೆ ಮೋರಿಗೆ ಹೋಗುತ್ತದೆ. ತೊಗರಿ ಬೇಳೆ ಮತ್ತು ಜೋಳದ ನುಚ್ಚು ಹಾಕಿ ಬೇಯಿಸಿದರೆ ಅದು ಬರೀ ಪಲ್ಲೆಯಲ್ಲ, ಒಂದು ಪೂರ್ತಿ ಊಟ. ಇನ್ನೊಂದು ಮಾತು. ಹುಳಿ ಇದ್ದಲ್ಲಿ ಉಪ್ಪು ಕಡಿಮೆ ಸಾಕಾಗುತ್ತದೆ. ಬಿ.ಪಿ. ಇರುವವರ ಮನೆಯಲ್ಲಿ ಇದನ್ನು ನೆನಪಿಡಿ. ಉಂಡ ಕೂಡಲೇ ಚಹಾ ಕುಡಿಯಬೇಡಿ, ಸೊಪ್ಪಿನಲ್ಲಿರುವ ಕಬ್ಬಿಣವನ್ನು ಚಹಾ ಮೈಗೆ ಹತ್ತಗೊಡುವುದಿಲ್ಲ. ಮಿರ್ಚಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಅಮೋಘಸಿದ್ದಪ್ಪನವರು ನಗುತ್ತಿದ್ದಾರೆ. ಅವರ ಮನೆಯ ಮಿರ್ಚಿ ನಾನು ತಿಂದಿದ್ದೇನೆ.

ರೊಟ್ಟಿಯ ವಿಷಯದಲ್ಲಿ ನಿಮಗೆ ಹೇಳುವ ಧೈರ್ಯ ನನಗಿಲ್ಲ. ನನ್ನ ಮೊದಲ ರೊಟ್ಟಿ ಹಂಚಿನ ಮೇಲೆ ಹೋಗುವ ಮುಂಚೆಯೇ ಮೂರು ತುಂಡಾಯಿತು. ಅಕ್ಬರಿಯ ಮಂಚ ಅಡುಗೆಮನೆಯ ಬಾಗಿಲಿಗೆ ಎದುರಾಗಿದೆ. ಅವಳು ಅಲ್ಲಿಂದಲೇ ನೋಡುತ್ತಿದ್ದಳು. ಹಿಟ್ಟಿಗೆ ಹಾಕುವ ಎಸರು ಕುದಿದಿರಬೇಕು, ನಾನು ಉಗುರುಬೆಚ್ಚಗಿನ ನೀರು ಹಾಕಿದ್ದೆ. ಅವಳಿಗೆ ಗೊತ್ತಾಗಿತ್ತು. ಹೇಳಲು ಮಾತಿರಲಿಲ್ಲ.

ಈ ವರ್ಷ ರಂಜಾನಿಗೆ ತುಸು ಮುಂಚೆ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ತಿಳಿವಳಿಕೆ ಹೋಗಲಿಲ್ಲ ಎಂದು ಡಾಕ್ಟರು ಹೇಳಿದರು. ಮೆತ್ತಗಿನ ಆಹಾರ ಕೊಡಿ, ನುಂಗುವುದಕ್ಕೆ ಅಡ್ಡಿಯಿಲ್ಲ, ಚೆನ್ನಾಗಿ ಉಂಡರೆ ಶಕ್ತಿ ಬರುತ್ತದೆ ಎಂದರು. ನಾನು ವಿಜ್ಞಾನದ ಮಾಸ್ತರ. ಯಾವ ಗಂಜಿಯಲ್ಲಿ ಏನೇನಿದೆ ಎಂದು ಓದಿ, ಗೋಡೆಯ ಮೇಲೆ ವೇಳಾಪಟ್ಟಿ ಅಂಟಿಸಿದೆ. ಹುಲಸೂರಿಗೆ ಕೊಟ್ಟಿರುವ ಮಗಳು ಫರಹತ್ ಬಂದು ನಿಂತಳು. ಇಬ್ಬರೂ ಸೇರಿ ಹೊತ್ತು ಹೊತ್ತಿಗೆ ಮಾಡಿದೆವು. ಅಕ್ಬರಿ ಬಾಯಿ ತೆರೆಯಲಿಲ್ಲ.

ರಂಜಾನ್ ಬಂದಿತ್ತು. ಹಗಲಿನಲ್ಲಿ ಗಂಜಿ ಹಿಡಿದರೆ ತುಟಿ ಬಿಗಿಯುತ್ತಿದ್ದಳು. ಸಂಜೆ ನಮ್ಮ ಇಫ್ತಾರ್ ಮುಗಿದ ಮೇಲೆ ಫರಹತ್ ತಿನ್ನಿಸಿದರೆ ತಕ್ಕಮಟ್ಟಿಗೆ ಉಣ್ಣುತ್ತಿದ್ದಳು. ನಮಗೆ ಅರ್ಥವಾಯಿತು ಅಂದುಕೊಂಡೆವು, ಇವಳು ರೋಜಾ ಹಿಡಿದಿದ್ದಾಳೆ. ಮೌಲಾನಾ ಅವರನ್ನೇ ಕರೆತಂದೆ. ಅವರು ಬಾಗಿಲಲ್ಲಿ ನಿಂತು, "ಬೀಮಾರಿ ಇದ್ದೋರಿಗಿ ರೋಜಾ ಮಾಫ್ ಐತ್ರಿ ಅಮ್ಮಾ, ಉಣ್ರಿ" ಎಂದರು. ಅಕ್ಬರಿ ಎಡಗೈಯಿಂದ ಸೆರಗು ತಲೆಯ ಮೇಲೆಳೆದುಕೊಂಡು ಮರ್ಯಾದೆಯಿಂದ ಕೇಳಿದಳು. ಅವರು ಹೋದ ಮೇಲೆ ಮತ್ತೆ ತುಟಿ ಬಿಗಿದಳು. ಎಂಥ ಈಮಾನದ ಹೆಂಗಸು ಎಂದು ಓಣಿಯೆಲ್ಲ ಹೊಗಳಿತು. ನನಗೂ ಒಳಗೊಳಗೆ ಹೆಮ್ಮೆಯಾಯಿತು.

ಈದ್ ಬಂತು. ಶೀರ್ ಖುರ್ಮಾ ಮಾಡಿ, ಮೊದಲ ಬಟ್ಟಲು ಅವಳಿಗೇ ಎಂದು ಹಿಡಿದುಕೊಂಡು ಹೋದೆ. ತುಟಿ ತೆರೆಯಲಿಲ್ಲ. ಈದ್ ಬಂದದ್ದು ಇವಳಿಗೆ ತಿಳಿದಿಲ್ಲ ಅಂದುಕೊಂಡೆವು. ಕ್ಯಾಲೆಂಡರ್ ತಂದು ತೋರಿಸಿದೆ. ಓಣಿಯ ಮಕ್ಕಳನ್ನು ಹೊಸ ಬಟ್ಟೆಯಲ್ಲಿ ಮಂಚದ ಮುಂದೆ ಸಾಲಾಗಿ ನಿಲ್ಲಿಸಿದೆ. ಪಕ್ಕದ ಮನೆಯ ಶೇವಂತಾಬಾಯಿ ಬಂದು, "ಭಾಬೀ, ರೋಜಾ ಮುಗದಾವ್ರಿ. ಮಾಸ್ತರ್ ಸುಳ್ಳ ಹೇಳಾಕತ್ತಿಲ್ಲ" ಎಂದು ಆಣೆ ಮಾಡಿದಳು. ಅಕ್ಬರಿ ಎಲ್ಲರನ್ನೂ ನೋಡಿ ನಕ್ಕಳು. ಅರ್ಧ ಮುಖ ಮಾತ್ರ ನಗುತ್ತದೆ ಈಗ. ನಕ್ಕಳು, ಆದರೆ ಉಣ್ಣಲಿಲ್ಲ.

ಮಗಳು ಹುಲಸೂರಿಗೆ ಹೋಗಲೇಬೇಕಾಯಿತು, ಅವಳಿಗೂ ಸಂಸಾರವಿದೆ. ಉಳಿದವರು ನಾವಿಬ್ಬರೇ. ಬೆಳಿಗ್ಗೆ ನನ್ನ ಜೊತೆ ಚಹಾ ಕುಡಿಯುತ್ತಿದ್ದಳು, ಆಗೀಗ ಸ್ವಲ್ಪ ಹಾಲು. ಊಟ ಎಂದರೆ ಇಲ್ಲ. ನಾನು ಮೊದಲು ಅವಳಿಗೆ ಹಿಡಿದು, ಬೇಡಿಕೊಂಡು, ಸೋತು, ಆಮೇಲೆ ಅಡುಗೆಮನೆಯಲ್ಲಿ ಅವಳಿಗೆ ಕಾಣದ ಮೂಲೆಯಲ್ಲಿ ನಿಂತುಕೊಂಡೇ ನಾಲ್ಕು ತುತ್ತು ನುಂಗುತ್ತಿದ್ದೆ. ಹಸಿದ ಹೆಂಡತಿಯ ಎದುರಿಗೆ ಕೂತು ಹೇಗೆ ಉಣ್ಣುವುದು ಎಂಬ ಸಂಕೋಚ. ಅವಳ ಬಳೆಗಳು ಮೊಣಕೈವರೆಗೂ ಜಾರಲು ಶುರುವಾದವು. ಡಾಕ್ಟರು ನೋಡಿ, ಇನ್ನು ಕಾಯುವುದು ಬೇಡ, ಮೂಗಿನಿಂದ ನಳಿಕೆ ಹಾಕಿಬಿಡೋಣ, ನಾಳೆ ಕರೆತನ್ನಿ ಎಂದರು.

ಹಿಂದಿನಿಂದ ಪಾತ್ರೆಯ ಸಪ್ಪಳ ಕೇಳುತ್ತಿದೆ. ಊಟ ತಯಾರಾಗಿದೆ ಅಂತ ಕಾಣುತ್ತದೆ. ಇನ್ನು ಸ್ವಲ್ಪವೇ ಇದೆ, ಸಹಿಸಿಕೊಳ್ಳಿ.

ಅದೇ ದಿನ ಮಧ್ಯಾಹ್ನ ಮನೆಗೆ ಬಂದು ಪುಂಡಿಪಲ್ಲೆ ಮಾಡಿದೆ. ರೊಟ್ಟಿ ಅಷ್ಟರೊಳಗೆ ನನಗೆ ಒಲಿದಿತ್ತು. ಬಿಸಿ ರೊಟ್ಟಿ ಮುರಿದು ಪಲ್ಲೆಯಲ್ಲಿ ಕಲಸಿ ಹಿಡಿದೆ. ಅದೇ ಬಿಗಿದ ತುಟಿ. ಸಭಿಕರೇ, ನನಗೆ ಅಳು ಬಂತು. ಅಳುವುದಕ್ಕಿಂತ ಹೆಚ್ಚಾಗಿ ಹಸಿವೆಯಾಗಿತ್ತು, ಬೆಳಗಿನಿಂದ ಆಸ್ಪತ್ರೆಯಲ್ಲಿ ಕೂತು ಏನೂ ತಿಂದಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗುವ ತ್ರಾಣವೂ ಇರಲಿಲ್ಲ. ಅಲ್ಲೇ ಮಂಚದ ಕೆಳಗೆ ನೆಲದ ಮೇಲೆ ಕೂತು ಉಣ್ಣತೊಡಗಿದೆ. ಒಂದು ರೊಟ್ಟಿ ಮುಗಿಯಿತು. ಎರಡನೆಯದೂ ಮುಗಿಯಿತು. ತಲೆಯೆತ್ತಿದರೆ ಅಕ್ಬರಿ ಎಡಗೈ ಚಾಚಿ, ಬೆರಳುಗಳನ್ನು ತಿರುಗಿಸಿ ಕೇಳುತ್ತಿದ್ದಳು. ಆ ಸನ್ನೆ ನನಗೆ ಗೊತ್ತು. ನಮ್ಮ ಮದುವೆಯಾದಂದಿನಿಂದ ದಿನಾ ನೋಡಿದ ಸನ್ನೆ ಅದು. ಇನ್ನೊಂದು ಹಾಕಲೇ?

ನಾನು ದಿನಾ ಹೇಳುವಂತೆಯೇ ಹೇಳಿದೆ. "ಬಸ್, ಹೊಟ್ಟಿ ತುಂಬ್ತು."

ಅವಳು ಬಾಯಿ ತೆರೆದಳು.

ನೀರು ಕೇಳುತ್ತಿದ್ದಾಳೆ ಅಂದುಕೊಂಡೆ. ನೀರು ಹಿಡಿದರೆ ತಲೆಯಾಡಿಸಿ ಬಟ್ಟಲನ್ನೇ ತೋರಿಸಿದಳು. ಪಲ್ಲೆ ರೊಟ್ಟಿ ಬಟ್ಟಲು ಬರಿದಾಗುವವರೆಗೆ ಉಂಡಳು. ಮರುದಿನ ನಾವು ನಳಿಕೆಗೆ ಹೋಗಲಿಲ್ಲ. ಫರಹತ್‌ಗೆ ಫೋನ್ ಮಾಡಿ ಹೇಳಿದರೆ ಅವಳು, "ಅಬ್ಬಾ, ಅಮ್ಮಿ ನಿಮ್ಮಕಿಂತ ಮುಂಚೆ ಉಂಡಿದ್ದು ನೀವು ಎಂದಾದ್ರೂ ನೋಡೀರೇನು? ನಾ ಅಂತೂ ನೋಡಿಲ್ಲ" ಎಂದಳು.

ಅದು ರೋಜಾ ಅಲ್ಲ ಸಭಿಕರೇ. ನಾವು ಮೌಲಾನಾ ಅವರನ್ನು ಕರೆಸಿದೆವು, ಕ್ಯಾಲೆಂಡರ್ ತೋರಿಸಿದೆವು. ಅವಳು ಕಾಯುತ್ತಿದ್ದದ್ದು ಚಂದ್ರನನ್ನಲ್ಲ, ನನ್ನ ಊಟವನ್ನು.

ಈಗ ಇದನ್ನು ಕೇಳಿ ನಿಮ್ಮಲ್ಲಿ ಕೆಲವರು ಎಂಥ ಪತಿವ್ರತೆ ಎಂದು ತಲೆದೂಗುತ್ತಿರಬಹುದು. ದಯವಿಟ್ಟು ತಲೆದೂಗಬೇಡಿ. ಈ ಪದ್ಧತಿ ಅವಳನ್ನು ಕೊಲ್ಲುತ್ತಿತ್ತು. ನಾನು ಅವಳನ್ನು ಬಹಳ ಪ್ರೀತಿಸುತ್ತೇನೆ, ಮೈಕಿನಲ್ಲಿ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಪ್ರೀತಿಸುತ್ತಿದ್ದರೂ ಅವಳು ಅಗಿಯುವಾಗ ಮುಖ ಹೇಗಿರುತ್ತದೆ ಎಂದು ಈ ವರ್ಷದವರೆಗೆ ನಾನು ನೋಡಿರಲಿಲ್ಲ. ಪುಂಡಿಯ ಹುಳಿ ಅವಳಿಗೆ ಇಷ್ಟ, ಬಹಳ ಇಷ್ಟ. ನನಗೆ ಎದೆ ಉರಿಯುತ್ತದೆ ಎಂದು ವರ್ಷಗಟ್ಟಲೆ ಹುಳಿ ಮುರಿದು ಮಾಡುತ್ತಿದ್ದಳು. ನಮ್ಮ ಮನೆಯ ಪಲ್ಲೆ ಸಪ್ಪಗೇಕೆ ಎಂದು ನಾನು ಕೇಳಿರಲೇ ಇಲ್ಲ.

ಸ್ನೇಹಲ ನನಗೆ ಇನ್ನೊಂದು ಮಾತು ಹೇಳಿದ್ದಳು. ಈ ಕೇಂದ್ರದಲ್ಲಿ ರಕ್ತಪರೀಕ್ಷೆಯ ಶಿಬಿರ ಮಾಡಿದಾಗ ಹೆಚ್ಚಿನವರಿಗೆ ರಕ್ತ ಕಡಿಮೆ ಬಂತಂತೆ. ಹಾಗಾದರೆ ಪುಂಡಿ ಬೆಳೆಯುವ ಊರಿನಲ್ಲಿ, ಬೇಳೆ ಬೆಳೆಯುವ ಊರಿನಲ್ಲಿ, ಅಡುಗೆ ಮಾಡುವ ಕೈಗಳಿಗೇ ರಕ್ತ ಯಾಕೆ ಕಡಿಮೆ? ಕೊನೆಗೆ ಉಣ್ಣುವವರ ತಟ್ಟೆಯಲ್ಲಿ ಏನಿರುತ್ತದೆ? ಬೇಳೆ ಗಂಡಸರ ಪಾಲಾಗಿರುತ್ತದೆ, ಪಲ್ಲೆ ಮಕ್ಕಳ ಪಾಲಾಗಿರುತ್ತದೆ, ಉಳಿದದ್ದು ತಣ್ಣಗಿನ ರೊಟ್ಟಿ ಮತ್ತು ಖಾರ. ಅದನ್ನೂ ನಿಂತುಕೊಂಡು ಅವಸರದಲ್ಲಿ ತಿನ್ನುತ್ತೀರಿ. ಸೊಪ್ಪು ಹೇಗೆ ತೊಳೆಯಬೇಕು ಎಂದು ನಾನು ಇಷ್ಟು ಹೊತ್ತು ಹೇಳಿದೆ. ತೊಳೆದ ಸೊಪ್ಪು ನಿಮ್ಮ ಬಾಯಿಗೆ ಬರದಿದ್ದರೆ ಆ ಉಪದೇಶದಿಂದ ಏನು ಉಪಯೋಗ?

ಆದ್ದರಿಂದ ನನ್ನ ಆಹಾರ ಸಲಹೆ ಒಂದೇ. ಒಂದೇ ಹೊತ್ತಿಗೆ, ಒಂದೇ ಕಡೆ ಕೂತು ಉಣ್ಣಿ. ಬಿಸಿ ರೊಟ್ಟಿ ತಪ್ಪಿ ತಣ್ಣಗಾದರೆ ಎಲ್ಲರಿಗೂ ತಣ್ಣಗಾಗಲಿ. ಇದಕ್ಕೆ ಹೊಸ ಕುಕ್ಕರ್ ಬೇಕಿಲ್ಲ, ತರಬೇತಿ ಬೇಕಿಲ್ಲ. ಹಿಂದಿನ ಸಾಲಿನ ತಮ್ಮಂದಿರೇ, ಈಗ ಎಚ್ಚರವಾಗಿದ್ದೀರಿ, ಸಂತೋಷ. ನೀವು ತಟ್ಟೆಯ ಮುಂದೆ ಕೂತು, ನಿಮ್ಮ ಹೆಂಡತಿಯೂ ಕೂತ ಮೇಲೆ ಕೈ ಹಚ್ಚಿ. ಮೊದಲ ದಿನ ಅವಳು ಬೈಯುತ್ತಾಳೆ. ಬೈಸಿಕೊಳ್ಳಿ.

ನನ್ನ ಮನೆಯಲ್ಲಿ ತಡವಾಗಿದೆ. ಅಕ್ಬರಿಗೆ ನಾನು ಎಷ್ಟೋ ಸಲ ಹೇಳಿದೆ, ಕೈಮುಗಿದೆ. ಮೊದಲ ತುತ್ತು ನೀನು ತಗೋ ಎಂದರೆ ಆಗುವುದಿಲ್ಲ. ಹೊರಗೆ ಉಂಡು ಬಂದೆ ಎಂದರೆ ನಂಬುವುದಿಲ್ಲ, ಕಣ್ಣಾರೆ ನೋಡಬೇಕು. ಆದರೂ ಸ್ವಲ್ಪ ದಾರಿಗೆ ಬರುತ್ತಿದ್ದಾಳೆ. ಮೊದಲು ನನ್ನ ಊಟವೆಲ್ಲ ಮುಗಿಯಬೇಕಿತ್ತು. ಆಮೇಲೆ ಒಂದು ರೊಟ್ಟಿಗೆ ಇಳಿದಳು. ಈಗ ನಾನು ಒಂದು ತುತ್ತು ಬಾಯಿಗಿಟ್ಟರೆ ಅವಳೂ ಒಂದು ತುತ್ತು ತೆಗೆದುಕೊಳ್ಳುತ್ತಾಳೆ. ಆ ಒಂದು ತುತ್ತನ್ನು ಮಾತ್ರ ನನ್ನಿಂದ ಗೆಲ್ಲಲಾಗಿಲ್ಲ.

ಅದಕ್ಕೇ ನಾನು ಇಲ್ಲಿ ಊಟ ಮಾಡುವುದಿಲ್ಲ, ತಪ್ಪು ತಿಳಿಯಬೇಡಿ. ಶೇವಂತಾಬಾಯಿ ಅವಳ ಹತ್ತಿರ ಕೂತಿದ್ದಾಳೆ, ಆದರೆ ಶೇವಂತಾಬಾಯಿ ಉಂಡರೆ ಇವಳ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಎರಡು ರೊಟ್ಟಿ, ಸ್ವಲ್ಪ ಪಲ್ಲೆ ಕಟ್ಟಿಕೊಡಿ. ಹುಳಿ ಮುಂದಾಗಿರಲಿ.

ಹೋಗುವ ಮುಂಚೆ ಅಧ್ಯಕ್ಷರಲ್ಲಿ ಒಂದು ಬೇಡಿಕೆ. ನಮ್ಮ ಸಮಾರಂಭಗಳ ಪದ್ಧತಿ ನನಗೆ ಗೊತ್ತು. ಮೊದಲ ಪಂಕ್ತಿ ಅತಿಥಿಗಳದ್ದು, ಎರಡನೆಯದು ಗಂಡಸರು ಮತ್ತು ಮಕ್ಕಳದ್ದು, ಅಡುಗೆ ಮಾಡಿದವರು ಕೊನೆಗೆ. ಇವತ್ತು ಒಂದು ದಿನ, ಬೆಳಗಿನಿಂದ ಆ ಪರದೆಯ ಹಿಂದೆ ಹೊಗೆಯಲ್ಲಿ ನಿಂತಿರುವ ತಾಯಂದಿರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ. ಅಮೋಘಸಿದ್ದಪ್ಪನವರು ಪಲ್ಲೆ ಬಡಿಸಲಿ. ತಮ್ಮಂದಿರು ನೀರು ಕೊಡಲಿ. ಮೊದಲ ರೊಟ್ಟಿ ನಾನು ಹಾಕುತ್ತೇನೆ, ಹಾಕಿ ಅವರು ಮೊದಲ ತುತ್ತು ಬಾಯಿಗಿಡುವುದನ್ನು ನೋಡಿಯೇ ಬಸ್ಸಿಗೆ ಹೋಗುತ್ತೇನೆ. ನೋಡದೆ ಹೋದರೆ ಮನೆಯಲ್ಲಿ ಹೇಳುವಂತಿಲ್ಲ.

ಯಾಕೆಂದರೆ ಮಂಚದ ಪಕ್ಕ ಕೂತು ನಾನು ಅವಳಿಗೆ ಹೇಳಬೇಕು. ಅಕ್ಬರಿ, ಇವತ್ತು ಹುಮನಾಬಾದಿನಲ್ಲಿ ಅಡುಗೆ ಮಾಡಿದ ಹೆಂಗಸರು ಎಲ್ಲರಿಗಿಂತ ಮುಂಚೆ ಉಂಡರು, ನಾನು ಕಣ್ಣಾರೆ ನೋಡಿದೆ, ಆಕಾಶ ಬೀಳಲಿಲ್ಲ ಎಂದು. ಆಮೇಲೆ ತುತ್ತು ಕಲಸಿ, ನಾನು ಬಾಯಿಗಿಡದೆ, ಅವಳ ಮುಂದೆ ಹಿಡಿದು ಕಾಯುತ್ತೇನೆ.

ಕರೆದ ಸ್ನೇಹಲಗೆ, ತಾಳ್ಮೆಯಿಂದ ಕೇಳಿದ ನಿಮಗೆ, ಪರದೆಯ ಹಿಂದಿನಿಂದಲೇ ಕೇಳಿಸಿಕೊಂಡ ತಾಯಂದಿರಿಗೆ ನಾನು ಋಣಿ. ಬನ್ನಿ ತಾಯಿ, ಕೈ ತೊಳೆದುಕೊಂಡು ಹೊರಗೆ ಬನ್ನಿ. ನಮಸ್ಕಾರ.